ಎರಡು ಫೈರ್‌ವಾಲ್, ಒಬ್ಬ ಮಾವ

ನಮ್ಮ ಮಾವನವರು ಸರ್ವೀಸ್ ಪೂರ್ತಿ ಕಳೆದದ್ದು ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯ ಗೇಟಿನಲ್ಲಿ. ಶಿಫ್ಟ್ ಬಿಟ್ಟಾಗ ಹೊರಗೆ ಹೋಗುವವರ ಚೀಲ, ಊಟದ ಡಬ್ಬಿ ತೆಗೆಸಿ ನೋಡುವ ಸೆಕ್ಯುರಿಟಿ ಇನ್‌ಸ್ಪೆಕ್ಟರ್ ಅವರು. ದೊಡ್ಡ ಸಾಹೇಬರ ಕಾರಿನ ಡಿಕ್ಕಿಯನ್ನೂ ಬಿಟ್ಟವರಲ್ಲ ಎಂದು ಕಾಲೋನಿಯಲ್ಲಿ ಈಗಲೂ ಹೇಳುತ್ತಾರೆ. ರಿಟೈರ್ ಆಗಿ ಮನೆಗೆ ಬಂದಾಗ ಅವರಿಗೆ ಕಾಯಲು ಗೇಟ್ ಇರಲಿಲ್ಲ. ನನ್ನ ಗ್ರಹಚಾರಕ್ಕೆ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು.

ಅದು ನನ್ನ ಹೊಟ್ಟೆಪಾಡಿನ ಕಂಪ್ಯೂಟರ್. ವಿದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸ ನನ್ನದು. ಕಂಪನಿ ಇದ್ದದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಜಾಲಹಳ್ಳಿಯಿಂದ ಅಲ್ಲಿಗೆ ಹೋಗುವುದೆಂದರೆ ಊರನ್ನು ಈ ತುದಿಯಿಂದ ಆ ತುದಿಗೆ ಸೀಳಿಕೊಂಡು ಹೋಗುವುದು. ಬೊಮ್ಮನಹಳ್ಳಿ ದಾಟುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ಮಗಳು ಹುಟ್ಟಿದ ಮೇಲೆ ಕಂಪನಿಯವರ ಕೈಕಾಲು ಹಿಡಿದು ಮನೆಯಿಂದ ಕೆಲಸ ಮಾಡಲು ಒಪ್ಪಿಸಿದೆ. ಮೂರು ತಿಂಗಳು ಪರೀಕ್ಷೆ, ಒಂದೇ ಷರತ್ತು: ಫೈಲು ಹೊತ್ತಿಗೆ ಸರಿಯಾಗಿ ಇಳಿಸಿಕೊಂಡು, ಟೈಪ್ ಮಾಡಿ, ಹೊತ್ತಿಗೆ ಸರಿಯಾಗಿ ವಾಪಸ್ ಕಳಿಸಬೇಕು. ತಪ್ಪಿದರೆ ಮತ್ತೆ ಬಸ್ಸು, ಮತ್ತೆ ಎಲೆಕ್ಟ್ರಾನಿಕ್ ಸಿಟಿ, ಮತ್ತೆ ನಿದ್ದೆ ಹೋದ ಮಗಳ ಮುಖ. ಹಾಗಾಗಿ ನನ್ನ ಪಾಲಿಗೆ ಇಂಟರ್ನೆಟ್ಟಿನ ವೇಗ ಎಂದರೆ ಮಗಳ ಎಚ್ಚರವಾದ ಮುಖವೇ.

ಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಮಾವನವರು ಪೇಪರಿನಲ್ಲಿ ಹ್ಯಾಕರ್‌ಗಳ ಬಗ್ಗೆ ಓದಿದರು. ಅಂದಿನಿಂದ ಮನೆಯ ಶಾಂತಿ ಹಾಳು. ಮಗನನ್ನು, ಅಂದರೆ ನನ್ನ ಗಂಡನನ್ನು, ಕಾಡಿ ಬೇಡಿ ಕಂಪ್ಯೂಟರಿಗೆ ಕಾವಲು ನಿಲ್ಲುವ ಒಂದು ಫೈರ್‌ವಾಲ್ ಹಾಕಿಸಿದರು. ಅದು ಸುಮ್ಮನೆ ಇರುವ ಜಾತಿಯಲ್ಲ. ಯಾವ ಪ್ರೋಗ್ರಾಂ ಇಂಟರ್ನೆಟ್ ಮುಟ್ಟಿದರೂ ಪರದೆಯ ಮೇಲೆ ಕಿಟಕಿ ತೆರೆದು, ಬಿಡಲೋ ಬೇಡವೋ ಎಂದು ಕೇಳುತ್ತಿತ್ತು. ಕೇಳಿದಾಗಲೆಲ್ಲ ಮಾವನವರಿಗೆ ಹಬ್ಬ. ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಓದಿ ತೀರ್ಪು ಕೊಡುತ್ತಿದ್ದರು.

"ಇದ್ಯಾರಮ್ಮ ಇವ್ನು? ನಮ್ಮೋನಾ?"

"ನಮ್ಮದೇ ಮಾವ. ಬಿಡಿ, ಬೇಗ ಬಿಡಿ."

"ಬೇಗ ಬೇಗ ಅನ್ನೋರ್ನೇ ಮೊದ್ಲು ನೋಡ್ಬೇಕು ಕಣಮ್ಮ."

ನನಗೆ ಮೈ ಉರಿಯುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಇಂಟರ್ನೆಟ್ ಕುಂಟಲು ಶುರುವಾಯಿತು. ಫೈಲು ಇಳಿಯುವ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತರೆ ನಿಂತೇ ಬಿಡುತ್ತಿತ್ತು. ಸಾರಿಗೆ ಬೇಳೆ ಇಟ್ಟು, ಬೇಯಿಸಿ, ಒಗ್ಗರಣೆ ಹಾಕಿ ಬಂದರೂ ಪಟ್ಟಿ ಅಲ್ಲೇ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಜಗಳವಾಡಿದೆ. ಅವರು ಕಳಿಸಿದ ಮನುಷ್ಯ ನಮ್ಮ ಕೇಬಲ್ಲನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ಅದರಲ್ಲಿ ಎಲ್ಲ ದಡದಡ ಬಂತು. "ನಮ್ ಕಡೆಯಿಂದ ಏನೂ ಪ್ರಾಬ್ಲಂ ಇಲ್ಲ ಮೇಡಂ, ನಿಮ್ ಸಿಸ್ಟಮ್ಮೇ ನೋಡ್ಕೊಳಿ" ಎಂದು ಹೇಳಿ, ಕಾಫಿ ಕುಡಿದು ಹೊರಟುಹೋದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಹಾಗೆ, ವೇಗ ಬಾಗಿಲ ತನಕ ಬಂದಿತ್ತು, ಒಳಗೆ ಬಿಡುವವರಿರಲಿಲ್ಲ.

ಆಗ ನೋಡಿದೆ. ಪರದೆಯ ಮೂಲೆಯಲ್ಲಿ ಒಂದಲ್ಲ, ಎರಡು ಫೈರ್‌ವಾಲಿನ ಗುರಾಣಿಯ ಚಿತ್ರ.

"ಇದೇನ್ ಮಾವ, ಎರಡೆರಡು?"

"ಮ್ಯಾಗಜೀನ್ ಜತೆ ಸೀಡಿ ಬಂದಿತ್ತಲ್ಲ, ಅದ್ರಲ್ಲಿತ್ತು, ನಾನೇ ಹಾಕ್ದೆ. ಕಾರ್ಖಾನೇಲಿ ಮೇನ್ ಗೇಟಲ್ಲಿ ಒಂದ್ಸಲ ನೋಡ್ತಿದ್ವಿ, ಒಳಗೆ ಮಿಷಿನ್ ಷಾಪ್ ಬಾಗ್ಲಲ್ಲಿ ಇನ್ನೊಂದ್ಸಲ. ಒಬ್ಬ ತೂಕಡಿಸಿದ್ರೂ ಇನ್ನೊಬ್ಬ ಇರ್ತಾನೆ ಕಣಮ್ಮ."

ಅವರು ಪಿಂಚಣಿಗೆಂದು ಬ್ಯಾಂಕಿಗೆ ಹೋದಾಗ ಒಂದನ್ನು ನಿಲ್ಲಿಸಿ ನೋಡಿದೆ. ಮೊಂಡು ಹಿಡಿದಿದ್ದ ಫೈಲು ಸರ್ರನೆ ಇಳಿಯಿತು. ಮತ್ತೆ ಹಚ್ಚಿದೆ, ಮತ್ತೆ ತೆವಳಿತು. ಬಂದದ್ದನ್ನೆಲ್ಲ ಈ ಇಬ್ಬರು ಕಾವಲುಗಾರರೂ ಬಿಚ್ಚಿ ನೋಡುತ್ತಿದ್ದರು, ಸಾಲದ್ದಕ್ಕೆ ಒಬ್ಬರನ್ನೊಬ್ಬರು ತಡೆಯುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ರಾತ್ರಿ ಗಂಡನಿಗೆ ಹೇಳಿದರೆ, "ಅಪ್ಪಂಗೆ ಬೇಜಾರಾಗತ್ತೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅಂದರು. ಅಡ್ಜಸ್ಟ್ ಮಾಡಿಕೊಳ್ಳಲು ಅವರ ಮನೆಯಲ್ಲಿ ಸಿಕ್ಕವಳು ನಾನೊಬ್ಬಳೇ.

ಮಾರನೆಯ ದಿನ ಮಗಳಿಗೆ ನೀರು ಹಾಕುತ್ತಿದ್ದಾಗ ಫೈರ್‌ವಾಲ್ ಮತ್ತೆ ಕಿಟಕಿ ತೆರೆದು ಕೇಳಿತು. ನಾನು ಬಚ್ಚಲಿನಲ್ಲಿ, ಮಾವನವರು ಕುರ್ಚಿಯಲ್ಲಿ. ಹೆಸರು ಗೊತ್ತಾಗಲಿಲ್ಲವಂತೆ, 'ಬೇಡ' ಒತ್ತಿದರು. ಅದು ಟೈಪ್ ಮಾಡಿದ್ದನ್ನು ವಾಪಸ್ ಕಳಿಸುವ ನಮ್ಮ ಕಂಪನಿಯದೇ ಪ್ರೋಗ್ರಾಂ. ನನಗೆ ತಿಳಿಯುವ ಹೊತ್ತಿಗೆ ಸೂಪರ್‌ವೈಸರ್ ಫೋನು ಬಂದಿತ್ತು.

"ಇನ್ನೊಂದ್ ಸಲ ಲೇಟಾದ್ರೆ ನನ್ ಕೈಲಿ ಏನೂ ಮಾಡಕ್ಕಾಗಲ್ಲ ಕಣ್ರೀ. ಆಫೀಸಿಗೇ ಬರ್ಬೇಕಾಗತ್ತೆ."

ಒದ್ದೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಮಾವನವರ ಮುಂದೆ ನಿಂತೆ. ಅಲ್ಲಿಯವರೆಗೆ ಅವರಿಗೆ ಎದುರು ಮಾತಾಡಿದವಳಲ್ಲ. "ನಿಮ್ಮ ಕಾವಲಿಂದ ನನ್ ಕೆಲ್ಸಾನೇ ಹೋಗ್ತಿದೆ ಮಾವ. ಒಂದನ್ನ ತೆಗೆದುಹಾಕ್ತೀನಿ. ಇನ್ನೊಂದು ತಾನೇ ನೋಡ್ಕೊಳ್ಳೋ ಹಾಗೆ ಮಾಡ್ತೀನಿ. ಅದು ಇನ್ಮೇಲೆ ಯಾರನ್ನೂ ಕೇಳಲ್ಲ."

"ಯಾರನ್ನೂ ಕೇಳಲ್ವಾ?"

"ಇಲ್ಲ."

"ಹಂಗಾದ್ರೆ ಸರಿ" ಎಂದು ಕುರ್ಚಿ ಎತ್ತಿಕೊಂಡು ಹೊರಗೆ ಜಗಲಿಗೆ ಹೋದರು.

ಆಮೇಲೆ ಫೈಲುಗಳು ನೀರು ಹರಿದ ಹಾಗೆ ಬಂದವು, ಹೋದವು. ಪರೀಕ್ಷೆ ಮುಗಿಯಿತು, ಮನೆಯ ಕೆಲಸ ಕಾಯಂ ಆಯಿತು. ನಾನು ಗೆದ್ದಿದ್ದೆ. ಮಾವನವರು ಮಾತ್ರ ಜಗಲಿಯಲ್ಲಿ ಹೂವಿನವಳ ಬುಟ್ಟಿ, ಹಾಲಿನ ಪ್ಯಾಕೆಟ್ಟು ನೋಡುತ್ತಾ ಕೂತಿರುತ್ತಿದ್ದರು. ಕಂಪ್ಯೂಟರಿನ ಕಡೆ ತಲೆ ಹಾಕಲಿಲ್ಲ. ಅದೂ ನನಗೆ ರೇಗುತ್ತಿತ್ತು. ಬೈಯುವುದಿದ್ದರೆ ಬೈದುಬಿಡಬಾರದೇ?

ಒಂದು ಬೆಳಿಗ್ಗೆ ಷೂ ಪಾಲಿಷ್ ಮಾಡಿಕೊಂಡು ಹೊರಟರು. ಪಕ್ಕದ ರಸ್ತೆಯಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ್ದರು. ನನ್ನ ಗಂಡ ಸಿಟ್ಟಿನಿಂದ ಕುಣಿದಾಡಿದರು. ಜನ ಏನಂತಾರೆ, ದುಡ್ಡಿಗೇನು ಬರವೇ ಎಂದರು. ಮಾವನವರು ಮಧ್ಯಾಹ್ನ ಊಟ ಕಳಿಸಿಕೊಡು ಎಂದಷ್ಟೇ ನನಗೆ ಹೇಳಿದರು.

ಕಳಿಸಲು ಇನ್ಯಾರಿದ್ದಾರೆ? ನಾನೇ ಹೋದೆ. ಗೇಟಿನಲ್ಲಿ ಕೈ ಅಡ್ಡ ಹಿಡಿದರು.

"ಯಾವ್ ಮನೆಗೆ?"

"ಮಾವ, ನಿಮಗೇ ಊಟ ತಂದಿರೋದು!"

"ಗೇಟಲ್ಲಿ ರೂಲ್ಸ್ ಎಲ್ರಿಗೂ ಒಂದೇ ಕಣಮ್ಮ. ಬ್ಯಾಗ್ ತೆಗಿ."

ಹಿಂದೆ ಒಂದು ಕಾರು ಹಾರ್ನ್ ಹೊಡೆಯುತ್ತಿತ್ತು. ನನ್ನ ಫೈಲೊಂದು ಮನೆಯಲ್ಲಿ ಕಾಯುತ್ತಿತ್ತು. ಅವರು ಡಬ್ಬಿಯ ಒಂದೊಂದೇ ಅಂತಸ್ತು ಬಿಚ್ಚಿ ಅನ್ನ, ಹುಳಿ, ಪಲ್ಯ ನೋಡಿದರು. ಮುಚ್ಚಿ ನನ್ನ ಕೈಗೇ ವಾಪಸ್ ಕೊಟ್ಟು, ಎದೆ ಸೆಟೆಸಿ ನಿಂತು, "ಹೋಗ್ಬಹುದು" ಎಂದರು.

ಎಲ್ಲಿಗೆ ಹೋಗುವುದು? ಒಳಗೆ ನನಗೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆದರೆ ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಕಳೆ ಇತ್ತು. ಡಬ್ಬಿ ಹಿಡಿದು ಒಳಗೆ ಹೋದೆ, ಪಾರ್ಕಿಂಗ್ ಸುತ್ತಿದೆ, ವಾಪಸ್ ಗೇಟಿಗೆ ಬಂದೆ. ಈ ಸಲ ಅವರು ಕೇಳುವ ಮೊದಲೇ ನಿಂತು, ಬ್ಯಾಗ್ ಬಿಚ್ಚಿ ಹಿಡಿದೆ.