ಕಂಬಳಿ ಕತ್ತಲಲ್ಲಿ ಹಾಲೇಶಪ್ಪ ಮೇಷ್ಟ್ರು

ತರಗತಿಯಲ್ಲಿ ಸಿನಿಮಾ ತೋರಿಸುವಾಗ ಹಾಲೇಶಪ್ಪ ಮೇಷ್ಟ್ರು ನಮ್ಮ ಜೊತೆ ಕೂರುತ್ತಿರಲಿಲ್ಲ. ಪುಟ್ಟಿ ಹೊತ್ತ ಹೆಂಗಸರು ಬರುವ ಭಾಗ ಬಂತೆಂದರೆ ಎದ್ದು ಪರದೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡುವರು. ಅವರ ತಲೆಯ ನೆರಳು ಪರದೆಯ ಮೇಲಿನ ಅರ್ಧ ಅಣೆಕಟ್ಟನ್ನು ನುಂಗಿಬಿಡುತ್ತಿತ್ತು. ಹೆಂಗಸರು ಪರದೆಯಿಂದ ಇಳಿದು ಅವರ ಬಿಳಿ ಅಂಗಿಯ ಬೆನ್ನ ಮೇಲೆ ನಡೆದುಹೋಗುವರು. "ಸಾರ್, ತಲೆ! ತಲೆ!" ಎಂದು ಹಿಂದಿನ ಬೆಂಚಿನ ಹುಡುಗರು ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಜಗಳೂರಿನ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಮೇಷ್ಟ್ರು ನಮಗೆ ಚರಿತ್ರೆ ಹೇಳುತ್ತಿದ್ದರು. ಹೊನ್ನಾಳಿ ಹತ್ತಿರದ ಸಾಸ್ವೆಹಳ್ಳಿ ಕಡೆಯವರು, ಹೊಳೆಯ ದಂಡೆಯ ಜನ. "ನಮ್ಮೂರಾಗೆ ಹೊಳೆಗೆ ಬೈತೀವಿ, ನಿಮ್ಮೂರಾಗೆ ಮೋಡಕ್ಕೆ ಬೈತೀರಿ. ಬೈಯೋದು ಮಾತ್ರ ಎಲ್ಲಾ ಕಡೆ ಐತೆ" ಎಂದು ನಗಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಎಣ್ಣೆ ಗಾಣದ ಹಿಂದಿನ ಒಂದು ಕೋಣೆಯಲ್ಲಿ ವಾಸ, ಹೋಟೆಲಿನಲ್ಲಿ ಊಟ. ಭಾನುವಾರ ಅವರ ಜೊತೆ ಮಾತಾಡುವವರು ಯಾರೂ ಇರಲಿಲ್ಲ.

ನಮ್ಮಪ್ಪ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರು. ಚಿತ್ರದುರ್ಗದ ಬಸ್ಸಿನ ಟಾಪಿನ ಮೇಲೆ ಮೇಷ್ಟ್ರು ತರಿಸುತ್ತಿದ್ದ ಸಿನಿಮಾ ರೀಲಿನ ಡಬ್ಬಿಗಳು ಬರುತ್ತಿದ್ದವು. ಇಳಿಸಿಕೊಳ್ಳಲು ಅವರೇ ಬಂದು ಅಪ್ಪನ ಬೆಂಚಿನ ಮೇಲೆ ಕೂರುವರು. ಡಬ್ಬಿ ಬರುವ ದಿನವಲ್ಲದಿದ್ದರೂ ಬಂದು ಕೂರುವರು. ಬಸ್ಸಿನಿಂದ ಇಳಿಯುವ ಒಬ್ಬೊಬ್ಬರನ್ನೂ ನೋಡಿ, ಬಸ್ಸು ಖಾಲಿಯಾದ ಮೇಲೆ ಎದ್ದು ಹೋಗುವರು. "ಪಾಪ, ಈ ಮನುಷ್ಯ ಡಬ್ಬಿ ಕಾಯ್ತಾರೋ, ಯಾರನ್ನಾದರೂ ಕಾಯ್ತಾರೋ" ಎಂದು ಅಪ್ಪ ಮನೆಯಲ್ಲಿ ಹೇಳುತ್ತಿದ್ದರು.

ರೀಲು ಓಡಿಸುವ ಮಷಿನ್ ಆರೋಗ್ಯ ಇಲಾಖೆಯವರದು. ಹಳ್ಳಿಗಳಲ್ಲಿ ಕುಟುಂಬ ಯೋಜನೆಯ ಸಿನಿಮಾ ತೋರಿಸಲು ಇಟ್ಟುಕೊಂಡಿದ್ದರು. ಮೇಷ್ಟ್ರು ಕಾಡಿ ಬೇಡಿ ಅದನ್ನೂ ಅದರ ಆಪರೇಟರನ್ನೂ ಸ್ಕೂಲಿಗೆ ಕರೆತರುವಾಗ ದಾರಿಯುದ್ದಕ್ಕೂ ತಮಾಷೆ. "ಏನ್ ಮೇಷ್ಟ್ರೇ, ಕುಟುಂಬಾನೇ ಇಲ್ಲ, ಯೋಜನೆ ಯಾರಿಗೆ?" ಎಂದು ಅಂಗಡಿಯವರು ಕೇಳಿದರೆ, "ಕುಟುಂಬ ಹುಡುಕೋ ಯೋಜನೇನೇ ಕಣ್ರೀ ಇದು" ಅನ್ನುವರು. ಕೇಳಿದವರೆಲ್ಲ ನಗುತ್ತಿದ್ದರು. ಅದು ಖರೆ ಮಾತೆಂದು ನಮಗೆ ತಿಳಿದದ್ದು ಆಮೇಲೆ.

ಸಿನಿಮಾದ ದಿನ ನಾವೆಲ್ಲ ಮನೆಯಿಂದ ಕಂಬಳಿ ತರಬೇಕಿತ್ತು. ಕುರಿಯವರ ಊರಲ್ಲಿ ಕಂಬಳಿಗೇನು ಬರ. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದರೆ ಮಟಮಟ ಮಧ್ಯಾಹ್ನ ಕತ್ತಲಾಗುತ್ತಿತ್ತು. ಆ ಕತ್ತಲಿಗೆ ಕುರಿಯ ವಾಸನೆ. ಇಂದಿಗೂ ಚರಿತ್ರೆ ಎಂದರೆ ನನ್ನ ಮೂಗಿಗೆ ಮೊದಲು ಬರುವುದು ಅದೇ.

ಮಷಿನ್ ಶುರುವಾದ ಕೂಡಲೇ ಮೇಷ್ಟ್ರು ಸಿನಿಮಾದಲ್ಲಿ ವಿವರಣೆ ಹೇಳುವವನ ದನಿ ನಿಲ್ಲಿಸುತ್ತಿದ್ದರು. "ಆ ಯಪ್ಪ ಹೇಳೋದು ಆಮ್ಯಾಲೆ ಕೇಳಾನ. ಮೊದ್ಲು ನಿಮ್ಮ ಕಣ್ಣು ಏನು ಹೇಳ್ತೈತೆ ನೋಡ್ರಿ." ನಮ್ಮನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಕೆಲಸದ ಸಾಮಾನು, ಒಂದಕ್ಕೆ ಊಟ ನೀರು, ಒಂದಕ್ಕೆ ಮೇಸ್ತ್ರಿಗಳು, ನಮ್ಮ ಹುಡುಗಿಯರ ಗುಂಪಿಗೆ ಕಾಲು ಎಂದು ಹಂಚಿದ್ದರು. ಕಾಲು ನೋಡುವುದೂ ಒಂದು ಪಾಠವೇ ಎಂದು ನಾವು ಮುಸಿಮುಸಿ ನಕ್ಕೆವು. ನೋಡಿದ್ದನ್ನು ಬರೆದು, ಆಮೇಲೆ ಊರಿನಲ್ಲಿ ತಿಳಿದವರನ್ನು ಕೇಳಿಕೊಂಡು ಬರಬೇಕು. "ಸಿನಿಮಾ ಅಂದ್ರೆ ಒಂದು ಸಾಕ್ಷಿ ಇದ್ದಂಗೆ. ಸಾಕ್ಷಿನ ಪಾಟೀಸವಾಲು ಮಾಡ್ದೆ ಬಿಟ್ಟೋನು ವಕೀಲನೂ ಅಲ್ಲ, ಚರಿತ್ರೆ ಓದೋನೂ ಅಲ್ಲ" ಎಂಬುದು ಅವರ ಮಾತು.

ಆ ವರ್ಷದ ಸಿನಿಮಾ ನಮ್ಮ ಸೀಮೆಯ ಒಂದು ಅಣೆಕಟ್ಟು ಕಟ್ಟಿದ್ದರ ಬಗ್ಗೆ. ಅದೊಂದನ್ನೇ ಮತ್ತೆ ಮತ್ತೆ ತರಿಸುತ್ತಿದ್ದರು. ಪರದೆಗೆ ಯಾಕೆ ಹಾಗೆ ಅಂಟಿಕೊಳ್ಳುತ್ತೀರಿ ಎಂದು ಹುಡುಗನೊಬ್ಬ ಕೇಳಿಯೇಬಿಟ್ಟ. ಮೇಷ್ಟ್ರು ಮುಚ್ಚಿಡಲಿಲ್ಲ.

"ನಮ್ಮವ್ವ ಅಲ್ಲಿ ಕೆಲಸಕ್ಕೆ ಹೋಗಿದ್ಲು ಕಣ್ರೋ. ನಾನಿನ್ನೂ ಮೂರ್ನಾಕು ವರ್ಷದ ಕೂಸು. ಸೋದರಮಾವನ ಮನ್ಯಾಗೆ ಬಿಟ್ಟು ಹೋದೋಳು ವಾಪಸ್ ಬರ್ಲಿಲ್ಲ. ಒಂದು ಫೋಟೋನೂ ಇಲ್ಲ."

"ಮತ್ತೆ ಗುರ್ತು ಹೆಂಗೆ ಸಾರ್?"

"ಮುಖ ನೆನಪಿಲ್ಲ. ನಡಿಗೆ ನೆನಪೈತೆ. ಎಡಗಾಲು ಒಂಚೂರು ಎಳೀತಿದ್ಲು. ಇದ್ರಾಗೆ ಮೂರನೇ ಹೆಣ್ಮಗಳು ನೋಡ್ರಿ, ಹಂಗೇ ನಡೀತಾಳೆ."

 ಅವತ್ತಿನಿಂದ "ತಲೆ" ಎಂದು ಯಾರೂ ಕೂಗಲಿಲ್ಲ. ಆ ಮೂರನೆಯವಳು ಅವರ ತಾಯಿಯೇ ಆಗಿರಲಿ ದೇವರೇ ಎಂದು ನಾನಂತೂ ಹರಕೆ ಹೊತ್ತೆ.

ನಮ್ಮ ಗುಂಪಿಗೆ ಹೆಚ್ಚು ಅಲೆಯುವ ಕೆಲಸ ಬೀಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹುರಿದ ಕಡ್ಲೇಕಾಯಿ ಮಾರುವ ಚೌಡಮ್ಮಜ್ಜಿ ಅದೇ ಅಣೆಕಟ್ಟಿನಲ್ಲಿ ಕಲ್ಲು ಹೊತ್ತವಳೆಂದು ಅಪ್ಪನೇ ಹೇಳಿದರು. ಹುಟ್ಟಿದಾಗಿನಿಂದ ಅವಳ ಕಡ್ಲೇಕಾಯಿ ತಿಂದವಳು ನಾನು, ಒಂದು ದಿನವೂ ಕೇಳಿರಲಿಲ್ಲ. ಅಜ್ಜಿಯನ್ನು ಸ್ಕೂಲಿಗೇ ಕರೆತಂದೆವು. ಮೇಷ್ಟ್ರು ತಮ್ಮ ಕುರ್ಚಿ ಅವಳಿಗೆ ಕೊಟ್ಟು ಪಕ್ಕದಲ್ಲಿ ನಿಂತರು. ಅಂದು ಅವರ ಅಂಗಿ ಇಸ್ತ್ರಿಯಾಗಿತ್ತು. ರೀಲು ಓಡತೊಡಗಿತು.

ಹೆಂಗಸರು ಬಂದರು. ಮೂರನೆಯವಳೂ ಬಂದಳು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಇದ್ಯಾವ ಜನ? ಕಾಲಾಗೆ ಚಪ್ಲಿ ಐದಾವೆ! ನಾವು ಕಾದ ಕಲ್ಲಿನ ಮ್ಯಾಲೆ ಬರಿಗಾಲಾಗೆ ಓಡಾಡಿದೋರು. ಇವ್ರು ಇಂಜಿನೇರ್ ಸಾಹೇಬ್ರ ಕಾಲೋನಿ ಹೆಂಗಸ್ರು. ಪಿಚ್ಚರ್ ತೆಗ್ಯಾಕೆ ಬಂದ ದಿನ, ಹರಕು ಸೀರೆ ಕಾಣಬಾರ್ದು ಅಂತ ನಮ್ಮನ್ನೆಲ್ಲ ಶೆಡ್ಡಿನ ಹಿಂದಕ್ಕೆ ಅಟ್ಟಿದ್ರು."

"ಮೂರನೆಯವರು ಕಾಲು ಎಳೀತಾರಲ್ಲಜ್ಜಿ?" ಮೇಷ್ಟ್ರ ದನಿ ಸಣ್ಣದಾಗಿತ್ತು.

"ಹೊಸ ಚಪ್ಲಿ ಕಚ್ಚೈತೆ, ಅಷ್ಟೇ."

ರೀಲು ಮುಗಿದು ಅದರ ಬಾಲ ಟಪಟಪ ಬಡಿಯತೊಡಗಿತು. ಆಪರೇಟರು ಮಷಿನ್ ನಿಲ್ಲಿಸಿದ. ಮೇಷ್ಟ್ರು ಅಜ್ಜಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. "ಕೆಂಚಮ್ಮ ಅಂತ ಇದ್ರಾ? ಹೊನ್ನಾಳಿ ಕಡೇರು. ಕಾಲು ಎಳೀತಿದ್ರು."

"ಕೆಂಚಮ್ಮ ಅನ್ನೋರು ಬೇಕಾದಷ್ಟು ಮಂದಿ ಇದ್ರಪ್ಪ. ಕಲ್ಲು ಹೊತ್ತು ಹೊತ್ತು ಕಾಲು ಎಳೀದೇ ಇದ್ದೋರು ಯಾರಿದ್ರು?"

ಮೇಷ್ಟ್ರು ಇನ್ನೊಂದೇ ಒಂದು ಪ್ರಶ್ನೆ ಕೇಳಿದರು. "ಆ ಶೆಡ್ಡು ಯಾವ ಕಡೀಗಿತ್ತಜ್ಜಿ?" ಅಜ್ಜಿ ಪರದೆಯ ಬಲಗಡೆ, ಪರದೆ ಮುಗಿದು ಬರೀ ಗೋಡೆ ಇದ್ದ ಕಡೆ ಕೈ ತೋರಿಸಿದಳು.

ಮಾರನೆಯ ದಿನ ಮೇಷ್ಟ್ರು ನಮ್ಮ ಗುಂಪಿನ ಹಾಳೆ ಹಿಡಿದು ಬಂದರು. "ಎಲ್ಲ ಹೆಂಗಸರೂ ಚಪ್ಪಲಿ ಹಾಕಿದ್ದಾರೆ ಅಂತ ಮೊದಲ್ನೇ ದಿನಾನೇ ಬರ್ದಿದ್ರಿ. ಓದಿದ್ದೆ. ಸರಿ ಗುರ್ತು ಹಾಕಿದ್ದೆ. ನಮಗೆ ಬೇಕಾದ ಸಾಕ್ಷೀನ ಮಾತ್ರ ಯಾರೂ ಪಾಟೀಸವಾಲು ಮಾಡಲ್ಲ ಕಣ್ರೋ." ಎಂದಿನಂತೆ ಪಾಠ ಮಾಡಿದರು. ನನಗೆ ಅಳು ಬಂತು. ಆಮೇಲೆ ಅವರು ಬಸ್ ಸ್ಟ್ಯಾಂಡಿನ ಬೆಂಚಿಗೆ ಬರುವುದೂ ಕಡಿಮೆಯಾಯಿತು. ಡಬ್ಬಿ ಬಂದರೆ ಅಪ್ಪನೇ ಕಳಿಸಿಕೊಡುತ್ತಿದ್ದರು. ಒಂದು ವರ್ಷಕ್ಕೆ ಚನ್ನಗಿರಿಗೆ ವರ್ಗವಾಗಿ ಹೋದರು.

ಅವರನ್ನು ಕೊನೆಯ ಸಲ ಕಂಡದ್ದು ನ್ಯಾಮತಿಯಲ್ಲಿ, ಎಂಬತ್ತರ ದಶಕದ ನಡುವೆ. ನನ್ನನ್ನು ಹೊನ್ನಾಳಿಗೆ ಕೊಟ್ಟಿದ್ದರು. ನೆಂಟರ ಮನೆಗೆಂದು ನ್ಯಾಮತಿಗೆ ಹೋದವಳಿಗೆ ಮೇಷ್ಟ್ರು ಅಲ್ಲಿನ ಸ್ಕೂಲಿನಲ್ಲಿದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆ. ಮರುವರ್ಷವೇ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಹೋದಾಗ ಕ್ಲಾಸಿನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿತ್ತು. ಒಳಗೆ ಅದೇ ರೀಲು, ಮೈತುಂಬ ಗೆರೆ ಬಿದ್ದು ಮಳೆ ಸುರಿದಂತೆ ಕಾಣುತ್ತಿತ್ತು. ಹೆಂಗಸರು ಬಂದರು. ಮೇಷ್ಟ್ರು ಯಾರಿಗೂ ಅಡ್ಡವಿರಲಿಲ್ಲ. ಪರದೆಯ ಬಲಗಡೆ, ಗೋಡೆಗೆ ಮುಖ ಮಾಡಿ ನಿಂತಿದ್ದರು. ತಲೆ ನರೆತಿತ್ತು.

ಮುಗಿದ ಮೇಲೆ ಗುರುತು ಹಿಡಿದರು. "ಬಸ್ ಏಜೆಂಟ್ರ ಮಗಳಲ್ಲೇನವ್ವ! ಯಾವಾಗ ಬಂದಿ?"

"ಈಗ ಬಂದೆ ಸಾರ್. ಇನ್ನೂ ಅದೇ ಸಿನಿಮಾನಾ? ಅವರು ಇದರಲ್ಲಿ ಇಲ್ಲ ಅಂತ ಗೊತ್ತಾಯ್ತಲ್ಲ ಸಾರ್."

"ಇಲ್ಲ ಕಣವ್ವ. ಆದ್ರೆ ಇದು ಓಡೋವಾಗ ಮಾತ್ರ ಆಕೆ ಎಲ್ಲಿದ್ಲು ಅಂತ ನಂಗೆ ಗೊತ್ತಾಗ್ತೈತೆ" ಎಂದು ಗೋಡೆಯ ಕಡೆ ಕೈ ತೋರಿಸಿದರು. ಆಮೇಲೆ ಮಕ್ಕಳ ಕಡೆ ತಿರುಗಿ, ಕಾಲು ನೋಡಿದ ಗುಂಪು ಯಾವುದು ಎಂದು ಕೇಳಿದರು.