ಜುಂಜ ಮುಂದೆ ಚಾಚಿದ ಕಾಲು

ಉಚ್ಚಂಗೆಮ್ಮನ ಬಾಯಿ ಅಂದರೆ ಆದಿವಾಲದ ಸುತ್ತ ಹೆದರದವರಿಲ್ಲ. ನರೇಗಾ ಕೂಲಿಗೆ ಗುದ್ದಲಿ ಹಿಡಿದು ಹೋಗುತ್ತಿದ್ದ ಕಾಲಕ್ಕೆ ಮೇಸ್ತ್ರಿಯನ್ನೇ ಗದರಿಸಿ ಕೂರಿಸಿದ ಹೆಂಗಸು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಸರ್ಕಾರ ‘ಕೂಸಿನ ಮನೆ’ ತೆರೆದಾಗ, ನೋಡಿಕೊಳ್ಳಲು ಪಂಚಾಯಿತಿಯವರು ಆರಿಸಿದ್ದು ಇವಳನ್ನೇ! “ಇವಳ ಗಂಟಲಿಗೆ ಕೂಸುಗಳು ಉಚ್ಚೆ ಹೊಯ್ಕಂತಾವೆ” ಎಂದು ಊರು ನಕ್ಕಿತ್ತು. ನಗಲಿ ಬಿಡಿ. ತರಬೇತಿ ಮುಗಿಸಿ ಬಂದವಳ ತೊಡೆಯ ಮೇಲೆ ಈಗ ಸದಾ ಒಂದಲ್ಲ ಒಂದು ಕೂಸು ಮಲಗಿರುತ್ತದೆ.

ಅಂಥವಳ ಬಾಯಿ ಕಟ್ಟಿದ್ದು ಒಂದು ಶನಿವಾರ. ಗೊಲ್ಲರಹಟ್ಟಿಯ ನೇತ್ರಾವತಿ ಎರಡು ವರ್ಷದ ಮಗ ಜುಂಜನನ್ನು ಅಂದು ಮೊದಲ ಸಲ ಬಿಟ್ಟುಹೋಗಿದ್ದಳು. ಗಂಡ ಕುರಿಗಳ ಹಿಂದೆ ಊರೂರು ಅಲೆಯುವವನು. ಅವಳು ಹೋದ ವರ್ಷವಷ್ಟೇ ಹೊಳಲ್ಕೆರೆ ಕಡೆಯಿಂದ ತವರಿಗೆ ಬಂದಿದ್ದಳು. ಹುಡುಗ ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಕೂರಿಸಿದಲ್ಲೇ ಕೂತ. ಚೆಂಡು ಉರುಳಿ ದೂರ ಹೋದರೆ ನೋಡುತ್ತಿದ್ದನೇ ಹೊರತು ಏಳುತ್ತಿರಲಿಲ್ಲ.

“ಚಂದ್ರಕ್ಕಾ, ಎಂಥಾ ಸಾಧು ಕೂಸೇ ಇದು!” ಎಂದು ಉಚ್ಚಂಗೆಮ್ಮ ಜೊತೆಗಾತಿಯ ಮುಂದೆ ಹಿಗ್ಗಿದಳು. ಉಳಿದ ಮಕ್ಕಳ ಕಡೆ ತಿರುಗಿ, “ಲೇ ಕೋತಿಗಳಾ, ಇವನ್ನ ನೋಡಿ ಕಲೀರಿ” ಎಂದು ರೇಗಿಸಿದಳು.

ಊಟವಾಯಿತು. ಕೈ ತೊಳೆಯಲು ಅವಳು ಬಾಗಿಲ ಕಡೆ ತಿರುಗಿದ್ದಳಷ್ಟೇ. ತನ್ನನ್ನು ಬಿಟ್ಟು ಹೊರಟಳೆಂದುಕೊಂಡ ಜುಂಜ ಅವಳ ಸೆರಗಿನ ತುದಿ ಎಳೆದು ತನ್ನ ಬಲಗಾಲಿಗೆ ಸುತ್ತಿಕೊಂಡ. ಆಮೇಲೆ ಆ ಕಾಲನ್ನು ಮುಂದೆ ಚಾಚಿ, ಗಂಟು ಹಾಕು ಅನ್ನುವಂತೆ ಅವಳ ಮುಖ ನೋಡಿದ.

ಅಯ್ಯೋ ಶಿವನೇ! ಕಣಕಾಲಿನ ಸುತ್ತ ಬಳೆಯಂತೆ ಕಪ್ಪು ಗುರುತು. ಕುರಿಮರಿ ಕಟ್ಟುವ ಹಗ್ಗದ ಗುರುತನ್ನು ಆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಳಗಿನಿಂದ ಉಚ್ಚಂಗೆಮ್ಮ ಹೊಗಳಿದ್ದು ಇದನ್ನೇ!

ಸಂಜೆ ನೇತ್ರಾವತಿ ಹೊಸ್ತಿಲು ತುಳಿಯುವ ಮೊದಲೇ ಉಚ್ಚಂಗೆಮ್ಮ ಹರಿಹಾಯ್ದಳು. “ನೀನೂ ಒಬ್ಳು ತಾಯೇನೇ? ಹೆತ್ತ ಕೂಸನ್ನ ಗೂಟಕ್ಕೆ ಕಟ್ಟೋಗ್ತೀಯಲ್ಲ, ನಿನ್ ಕೈ ಸೇದೋಗ!”

ನೇತ್ರಾವತಿ ತಲೆ ತಗ್ಗಿಸಲಿಲ್ಲ. “ಕಟ್ಟದೆ ಏನ್ ಮಾಡ್ಲಕ್ಕಾ? ಇವನ ಅಣ್ಣನ್ನ ಕಟ್ಟಿರ್ಲಿಲ್ಲ. ಹೊಳಲ್ಕೆರೆ ಕಡೆ ಇದ್ದಾಗ, ನಾನ್ ಕೆಲ್ಸಕ್ಕೆ ಹೋದಾಗ ಮನೆ ಹಿಂದ್ಲ ಕೃಷಿ ಹೊಂಡಕ್ಕೆ ಬಿದ್ದು ಸತ್ತ. ಆ ಹೊಂಡದ ಮಣ್ಣು ಹೊತ್ತೋಳೂ ನಾನೇ ಕಣಕ್ಕಾ, ಇದೇ ಕೂಲಿಗೆ.”

ಅಂಥ ಹೊಂಡಗಳನ್ನು ಉಚ್ಚಂಗೆಮ್ಮನೂ ತೋಡಿದ್ದಳು. ನೀರು ನಿಂತ ಮೇಲೆ ಅಲ್ಲಿಗೆ ಕೂಸೊಂದು ನಡೆದು ಬಂದೀತೆಂದು ಒಂದು ದಿನವೂ ಅನಿಸಿರಲಿಲ್ಲ. ತಪ್ಪಾಯ್ತು ಅನ್ನಬೇಕು, ಮಾತೇ ಹೊರಡುತ್ತಿಲ್ಲ.

ಮಗನನ್ನು ಸೊಂಟಕ್ಕೇರಿಸಿಕೊಂಡು ಹೊರಟ ನೇತ್ರಾವತಿ ಮೆಟ್ಟಿಲ ಬಳಿ ತಿರುಗಿ ನಿಂತಳು. ದನಿ ಈಗ ಮೆತ್ತಗಿತ್ತು.

“ನಾಳೆ ಭಾನುವಾರ, ಇದು ಬಾಗ್ಲಾಕಿರ್ತೈತೆ. ನಂಗೆ ಈರುಳ್ಳಿ ಕೀಳೋ ಕೆಲ್ಸ ಐತೆ. ನಾಳೆ ಒಂದಿನ ಕಟ್ಬೋದೇನಕ್ಕಾ?”

ಉಚ್ಚಂಗೆಮ್ಮ ಧಡಧಡನೆ ಇಳಿದು ಬಂದು ಹುಡುಗನನ್ನು ತನ್ನ ತೋಳಿಗೆ ಎಳೆದುಕೊಂಡಳು.

“ನಮ್ಮನೀಗೆ ತಂದ್ಬಿಡೇ” ಅಂದಳು. “ನಾನು ಎಲ್ಲಿಗೂ ಹೋಗಲ್ಲ.”