ಮೊದಲ ತೂತು ಯಾರ ಕೈಯಿಂದ

ಆ ಡ್ರಿಲ್ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ದಿನ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತಿದ್ದ ಯಾರಿಗೂ ಇದು ನೆನಪಿರಲಿಲ್ಲ. ಲಾಕ್‌ಡೌನಿನ ವರ್ಷ ವೀಸಾದ ದೆಸೆಯಿಂದ ನಾನು ಕೆಲಸ ಮಾಡುವ ಹಾಗಿರಲಿಲ್ಲ, ರಿಪೇರಿಯವರು ಮನೆಯೊಳಗೆ ಬರುವ ಹಾಗಿರಲಿಲ್ಲ. ಆಗ ಕೊಂಡದ್ದು ಅದು. ವೈರಿಲ್ಲದ್ದು, ಬ್ಯಾಟರಿಯದು, ಕೈಗೆ ಭಾರ. ಅದರಿಂದಲೇ ಶೆಲ್ಫುಗಳನ್ನು ಕೂರಿಸಿದೆ, ಹಿತ್ತಲ ಕಡೆಯ ಮರದ ಡೆಕ್ಕಿನ ಕೊಳೆತ ಹಲಗೆ ಬದಲಾಯಿಸಿದೆ, ದೇವರ ಮಂಟಪವನ್ನು ಗೋಡೆಗೆ ಹಾಕಿದೆ. ನಮ್ಮ ಯಜಮಾನರು ಅದನ್ನು ಮುಟ್ಟುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಕುಂಕುಮ ಇಡಲಿಕ್ಕೆ.

ಕಳೆದ ಚಳಿಗಾಲ ಮೇರಿಲ್ಯಾಂಡಿನ ಪಶ್ಚಿಮದ ಗುಡ್ಡಗಳಲ್ಲಿರುವ ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿದೆ ಎಂಬ ಸುದ್ದಿ ಬಂತು. ಲ್ಯಾನ್‌ಹ್ಯಾಮ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಮೊಸರನ್ನ ತಿನ್ನುತ್ತಾ ಕೂತಿದ್ದಾಗ ಒಬ್ಬ ಅಂಕಲ್ ಎಲ್ಲರೂ ಹೋಗಿ ಐಸ್ ಫಿಶಿಂಗ್ ಮಾಡೋಣ, ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕೋಣ ಎಂದು ಶುರುಮಾಡಿದರು. ಅವರು ನಮ್ಮ ಕಡೆಯವರಲ್ಲಿ ಎಲ್ಲರಿಗಿಂತ ಹಿರಿಯರು, ನಮ್ಮ ಯಜಮಾನರಿಗೆ ಕೆಲಸ ಕೊಡಿಸಿದವರೂ ಅವರೇ. ಅಲ್ಲಿದ್ದ ಮೂರು ಮನೆಯವರಲ್ಲಿ ಒಬ್ಬರೂ ಮೀನು ತಿನ್ನುವವರಲ್ಲ. "ಹಿಡಿದು ವಾಪಸ್ ಬಿಡೋದು ಕಣ್ರೀ, ಎಕ್ಸ್‌ಪೀರಿಯನ್ಸ್ ಮುಖ್ಯ" ಎಂದರು ಅಂಕಲ್. ಮಂಜುಗಡ್ಡೆ ಕೊರೆಯಲು ಸೊಂಟದೆತ್ತರದ ಸುರುಳಿ ಬೈರಿಗೆ ಬೇಕು. ಅದನ್ನು ಕೈಯಲ್ಲಿ ತಿರುಗಿಸಿದರೆ ರಟ್ಟೆ ಬಿದ್ದುಹೋಗುತ್ತದೆ, ಹಾಗಾಗಿ ಈಗ ಜನ ಅದನ್ನು ಬ್ಯಾಟರಿ ಡ್ರಿಲ್ಲಿನ ಮೂತಿಗೆ ಸಿಕ್ಕಿಸುತ್ತಾರೆ. ಬೈರಿಗೆ ತರುತ್ತೇನೆಂದು ಅಂಕಲ್ ಹೇಳಿದರು. "ಡ್ರಿಲ್ ನಮ್ಮನೇಲಿದೆ" ಎಂದು ಇವರು ಎದೆಯುಬ್ಬಿಸಿಕೊಂಡು ಹೇಳಿದರು.

ನಾನು ಒಪ್ಪಿದ್ದು ಮಗಳಿಗಾಗಿ. ಅವಳಿಗೆ ಹನ್ನೆರಡು ವರ್ಷ. ಆ ವರ್ಷವಷ್ಟೇ ಸ್ಕೂಲಿನ ರೊಬಾಟಿಕ್ಸ್ ಟೀಮಿಗೆ ಕುಣಿಯುತ್ತಾ ಸೇರಿದ್ದಳು. ಅಲ್ಲಿ ಸ್ಕ್ರೂಡ್ರೈವರ್ ಎಲ್ಲ ಹುಡುಗರ ಕೈಯಲ್ಲಿ. ನಿನ್ನ ಅಕ್ಷರ ಚೆನ್ನಾಗಿದೆ ಎಂದು ಇವಳಿಗೆ ಪೋಸ್ಟರ್ ಬರೆಯುವ ಕೆಲಸ ಕೊಟ್ಟರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಹೋಗುವುದನ್ನೇ ಬಿಟ್ಟಳು. ಕೇಳಿದರೆ "ಇಟ್ಸ್ ಫೈನ್ ಅಮ್ಮಾ, ಐ ಲೈಕ್ ಪೋಸ್ಟರ್ಸ್" ಎಂದಳು. ಶುದ್ಧ ಸುಳ್ಳು. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ?

ಅದಕ್ಕೇ ಕೆರೆಯ ಮೇಲೆ ಮೊದಲ ತೂತು ಕೊರೆಯುವುದು ನೀನೇ ಎಂದು ಅವಳಿಗೆ ಮಾತು ಕೊಟ್ಟೆ. ಇವರೂ "ಆಯ್ತು, ಫಸ್ಟ್ ಹೋಲ್ ಪುಟ್ಟಂದೇ" ಎಂದು ತಲೆಯಾಡಿಸಿದರು. ಬೈರಿಗೆಯನ್ನು ಮೊದಲೇ ಅಂಕಲ್ ಮನೆಯಿಂದ ತಂದುಕೊಂಡೆ. ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ತುಂಬಿ ಹಿತ್ತಲಲ್ಲಿಟ್ಟು, ಅದು ಕಲ್ಲಾದ ಮೇಲೆ ಅವಳಿಗೆ ಹೇಳಿಕೊಟ್ಟೆ. ಗೇರ್ ಒಂದರಲ್ಲೇ ಇರಬೇಕು. ಎಡಗೈಯಲ್ಲಿ ಪಕ್ಕದ ಹಿಡಿ ಬಿಗಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಬೈರಿಗೆ ಕಚ್ಚಿಕೊಂಡಾಗ ಡ್ರಿಲ್ ತಿರುಗಿ ಮಣಿಕಟ್ಟು ಮುರಿಯುತ್ತದೆ. ಮೇಲಿಂದ ಒತ್ತಬಾರದು, ಅಲಗು ತಾನೇ ತಿನ್ನುತ್ತಾ ಹೋಗುತ್ತದೆ. ಅವಳು ಬಕೆಟ್ಟಿನ ತಳವನ್ನೂ ಸೇರಿಸಿ ಕೊರೆದುಬಿಟ್ಟಳು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಕೆರೆಗೆ ಹೋದ ದಿನ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ದಡದ ಅಂಗಡಿಯವನು ಈ ಬದಿಯಲ್ಲಿ ಮಂಜು ದಪ್ಪಗಿದೆ, ಭಯವಿಲ್ಲ ಎಂದಿದ್ದ. ಆಗಲೇ ಒಂದಿಷ್ಟು ಜನ ಟೆಂಟ್ ಹಾಕಿ ಕೂತಿದ್ದರು. ನಾನು ಬೈರಿಗೆ ಸಿಕ್ಕಿಸಿ, ಬಿಗಿ ಮಾಡಿ, ಡ್ರಿಲ್ಲನ್ನು ಮಗಳ ಕೈಗೆ ಕೊಟ್ಟೆ. ಇನ್ನೊಂದು ಬ್ಯಾಟರಿ ನನ್ನ ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗಿತ್ತು, ಚಳಿಯಲ್ಲಿ ಬ್ಯಾಟರಿ ಬೇಗ ಸಾಯುತ್ತದೆ.

ಅಷ್ಟರಲ್ಲಿ ಅಂಕಲ್ ಮನೆಯ ಆಂಟಿ ಪುಳಿಯೋಗರೆ ಡಬ್ಬಿಯ ಕೆಳಗಿಂದ ಅರಿಶಿನ, ಕುಂಕುಮ, ಒಂದು ತೆಂಗಿನಕಾಯಿ ತೆಗೆದರು. "ಗಂಗಮ್ಮನ ಪೂಜೆ ಮಾಡ್ದೆ ಕೊರೆಯೋಕಾಗುತ್ತಾ?" ಎಂದರು ಅಂಕಲ್. ಬೋರ್‌ವೆಲ್ ಪಾಯಿಂಟಿಗೆ ಮಾಡುವ ಹಾಗೆಯೇ ಮಂಜಿನ ಮೇಲೆ ಕುಂಕುಮ ಇಟ್ಟು, ಕಾಯಿ ಎತ್ತಿ ಕುಕ್ಕಿದರು. ಅದು ಒಡೆಯದೆ ಜಾರಿಕೊಂಡು ಯಾರದೋ ಟೆಂಟಿನವರೆಗೂ ಹೋಯಿತು. ಅಲ್ಲಿಯವರೆಗೆ ನಾನೂ ನಗುತ್ತಿದ್ದೆ.

ಆಗ ಯಾರೋ, "ಉದ್ಘಾಟನೆ ಅಂಕಲ್ ಕೈಯಿಂದಾನೇ ಆಗ್ಲಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಜನಕ್ಕೆ ಇದೊಂದು ರೋಗ. ದೀಪ ಹಚ್ಚುವುದಿರಲಿ, ರಿಬ್ಬನ್ ಕತ್ತರಿಸುವುದಿರಲಿ, ಯಾರದೋ ಮನೆಯ ಹೊಸ ಬಾರ್ಬೆಕ್ಯೂ ಗ್ರಿಲ್ ಹಚ್ಚುವುದಿರಲಿ, ಹಿರಿಯರ ಕೈ ಬೇಕು. ಈಗ ಒಂದು ತೂತಿಗೂ ಬೇಕಾಯಿತು.

"ಕೊಡು ಪುಟ್ಟಾ, ಹೆವಿ ಇದೆ ಇದು" ಎಂದು ಅಂಕಲ್ ಅವಳ ಕೈಯಿಂದ ಡ್ರಿಲ್ ತೆಗೆದುಕೊಂಡೇಬಿಟ್ಟರು.

ನಾನು ಇವರ ಮುಖ ನೋಡಿದೆ. ಇವರು ಆಚೆ ದಡದ ಮರಗಳನ್ನು ನೋಡುತ್ತಿದ್ದರು, ಜನ್ಮದಲ್ಲಿ ಮರ ಕಾಣದವರ ಹಾಗೆ.

"ಅಂಕಲ್, ಫಸ್ಟ್ ಹೋಲ್ ಅವಳದ್ದು ಅಂತ ಮಾತಾಗಿದೆ" ಎಂದೆ.

"ಅವಳಿಗೆ ಆಮೇಲೆ ಒಂದು ಚಿಕ್ಕದು ಕೊಡೋಣಮ್ಮ. ನೀನು ಸ್ವಲ್ಪ ಕಾಫಿ ನೋಡು."

ಚಿಕ್ಕದಂತೆ! ಇರುವುದು ಒಂದೇ ಬೈರಿಗೆ, ಅದರಲ್ಲಿ ಚಿಕ್ಕ ತೂತು ಎಲ್ಲಿಂದ ಬರಬೇಕು? ನನಗೆ ನಖಶಿಖಾಂತ ಉರಿಯಿತು. ಆದರೂ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.

ಅಂಕಲ್ ಡ್ರಿಲ್ ಕಿತ್ತುಕೊಳ್ಳುವಾಗ ಅವರ ಬೆರಳು ತಾಗಿ ದಿಕ್ಕು ಬದಲಿಸುವ ಗುಂಡಿ ಆಚೆಗೆ ಸರಿದಿತ್ತು. ಅವರು ಟ್ರಿಗರ್ ಒತ್ತಿದರೆ ಬೈರಿಗೆ ಹಿಂದಕ್ಕೆ ತಿರುಗುತ್ತಿತ್ತು. ಒಂದು ಚೂರು ಮಂಜಿನ ಹುಡಿಯೂ ಮೇಲೆ ಬರಲಿಲ್ಲ, ಕೆರೆಗೆ ಪಾಲಿಶ್ ಹಾಕಿದಂತಾಯಿತಷ್ಟೇ. ನಿಂತಲ್ಲಿಂದಲೇ ನನಗೆ ಕಂಡಿತು. "ಅಂಕಲ್, ರಿವರ್ಸ್‌ನಲ್ಲಿದೆ" ಎಂದೆ. "ಗೊತ್ತಮ್ಮ, ಗೊತ್ತು" ಎಂದರು. ಗಂಡಸರೆಲ್ಲ ಸುತ್ತ ನೆರೆದರು. ಐಸ್ ತುಂಬಾ ಹಾರ್ಡ್ ಇದೆ ಎಂದರು ಒಬ್ಬರು. ಅಲಗು ಮೊಂಡಾಗಿದೆ ಎಂದರು ಇನ್ನೊಬ್ಬರು. ಎಲ್ಲ ಇಂಜಿನಿಯರುಗಳೇ, ಆದರೆ ಗುಂಡಿಯ ಕಡೆ ಬಗ್ಗಿ ನೋಡಿದವರು ಒಬ್ಬರೂ ಇಲ್ಲ. ಅಂಕಲ್ ಮೈಭಾರವೆಲ್ಲ ಹಾಕಿ ಒತ್ತಿದರು, ಬಾಕಿಯವರು ಫೋನಿನಲ್ಲಿ ವಿಡಿಯೊ ಹಿಡಿದರು. ಕೊನೆಗೆ ಬ್ಯಾಟರಿ ಸತ್ತಿತು.

ಇವರು ನನ್ನ ಹತ್ತಿರ ಬಂದು ಕೈ ಚಾಚಿದರು. "ಇನ್ನೊಂದು ಬ್ಯಾಟರಿ ಕೊಡು."

"ಕೊಡಲ್ಲ."

"ಎಲ್ಲರ ಮುಂದೆ ಯಾಕೆ ಸೀನ್ ಮಾಡ್ತೀಯಾ?"

"ಸೀನ್ ಮಾಡ್ತಿರೋರು ನೀವು ರೀ. ನಾನು ಇಷ್ಟು ಹೊತ್ತು ಕಾಫಿ ಬಗ್ಗಿಸ್ತಿದ್ದೆ."

ನೇರ ನಡೆದುಹೋಗಿ ಅಂಕಲ್ ಕೈಯಿಂದ ಡ್ರಿಲ್ ತೆಗೆದುಕೊಂಡೆ. ತೆಗೆದುಕೊಂಡೆ ಎನ್ನುವುದು ಮರ್ಯಾದೆಯ ಮಾತು, ಕಿತ್ತುಕೊಂಡೆ. ಆಂಟಿ "ಅಯ್ಯಯ್ಯೋ" ಎಂದರು. ಬ್ಯಾಟರಿ ಬದಲಾಯಿಸಿ, ಗುಂಡಿಯನ್ನು ಸರಿಯಾದ ಕಡೆಗೆ ಒತ್ತಿ, ಮಗಳನ್ನು ಕರೆದೆ.

ಅವಳು ಹಿಂದೆ ಸರಿದಳು. "ಅಮ್ಮಾ, ಪ್ಲೀಸ್. ಲೆಟ್ ಅಂಕಲ್ ಡೂ ಇಟ್."

"ಇಲ್ಲ. ಇದು ನಿಂದು. ಹಿಡ್ಕೋ."

ಹಿಡಿದಳು. ಕಾಲು ಅಗಲಿಸಿ ನಿಂತಳು, ಎಡಗೈ ಪಕ್ಕದ ಹಿಡಿಯ ಮೇಲೆ. ಅಳಿದುಳಿದ ಕುಂಕುಮದ ಮೇಲೆಯೇ ಅಲಗಿಟ್ಟು ಟ್ರಿಗರ್ ಒತ್ತಿದಳು. ಮೊದಲು ಕೆಂಪು ಹುಡಿ ಬಂತು, ಆಮೇಲೆ ಬೆಳ್ಳಗಿನದು, ತುರಿದ ಕೊಬ್ಬರಿಯ ಹಾಗೆ ಸುತ್ತಲೂ ಗುಡ್ಡೆಯಾಯಿತು. ಅವಳು ಒತ್ತಲಿಲ್ಲ, ಅವಸರ ಮಾಡಲಿಲ್ಲ. ಒಮ್ಮೆಲೇ ಬೈರಿಗೆ ಕೆಳಗಿಳಿಯಿತು, ನೀರು ಬುಳಕ್ಕೆಂದು ಮೇಲೆ ಬಂತು. ಹೇಳಿಕೊಟ್ಟಿದ್ದ ಹಾಗೆಯೇ ತಿರುಗಿಸುತ್ತಲೇ ಮೇಲಕ್ಕೆತ್ತಿ ಒಳಗಿನ ಹುಡಿಯನ್ನೆಲ್ಲ ಹೊರಗೆಳೆದಳು. ದೋಸೆ ಹೊಯ್ದಷ್ಟು ದುಂಡಗಿನ ತೂತು, ಒಳಗೆ ಕಪ್ಪು ನೀರು. ಕುಣಿಯಬೇಕೆನ್ನಿಸಿತು ನನಗೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಫೋನುಗಳು ಆಗಲೇ ಜೇಬಿಗೆ ಹೋಗಿದ್ದವು.

ಮಗಳು ನನ್ನನ್ನು ನೋಡಲಿಲ್ಲ. ಡ್ರಿಲ್ಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅಂಕಲ್ ಕಡೆ ತಿರುಗಿ, "ಸಾರಿ ಅಂಕಲ್" ಎಂದಳು.

"ಪರವಾಗಿಲ್ಲ ಪುಟ್ಟಾ" ಎಂದರು ಅವರು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವರ ಹಾಗೆ.

ಆ ಪರವಾಗಿಲ್ಲ ಇಂದಿಗೂ ನನ್ನ ಕಿವಿಯಲ್ಲಿದೆ, ನೆನೆದಾಗಲೆಲ್ಲ ರಕ್ತ ಕುದಿಯುತ್ತದೆ. ಕಾರಿನ ಹತ್ತಿರ ಅವಳೊಬ್ಬಳೇ ಸಿಕ್ಕಾಗ ಕೇಳಿದೆ. "ಸಾರಿ ಯಾಕೆ ಹೇಳ್ದೆ? ನೀನೇನು ತಪ್ಪು ಮಾಡಿದ್ದೆ?"

"ಅಂಕಲ್ ಫೇಸ್ ಸ್ಯಾಡ್ ಆಯ್ತು ಅಮ್ಮಾ. ಎವ್ರಿಬಡಿ ವಾಸ್ ಲುಕಿಂಗ್."

ಡ್ರಿಲ್ ಕೈಬಿಟ್ಟು ಹೋದಾಗ ಅವಳ ಮುಖ ಹೇಗಾಗಿತ್ತೆಂದು ಆ ಎವ್ರಿಬಡಿಯಲ್ಲಿ ಒಬ್ಬರೂ ನೋಡಿರಲಿಲ್ಲ. ನಾನು ನೋಡಿದ್ದೆ.